ತಪ್ಪು ಹುಡುಕುವ ನೌಕರಿ

ತಪ್ಪು ಮಾಡಿದವರನ್ನು ಬಿಟ್ಟು ತಪ್ಪು ತೋರಿಸಿದವರನ್ನು ಬೈಯುವುದು ಲೋಕದ ರೂಢಿ. ನನಗಂತೂ ವಾರಕ್ಕೆರಡು ಸಲವಾದರೂ ಇದರ ಅನುಭವವಾಗುತ್ತದೆ. ಚಿಕ್ಕೋಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಆಫೀಸು. ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಗೇಟಿಗೊಂದು ಭಾಗ, ಕಬ್ಬು ತೂಗುವ ಕಾಟಾಕ್ಕೊಂದು ಭಾಗ, ರಸೀದಿಗೊಂದು ಭಾಗ. ಒಂದೊಂದನ್ನು ಒಬ್ಬೊಬ್ಬರು ಬರೆಯುತ್ತಾರೆ. ಬಿಡಿಬಿಡಿಯಾಗಿ ಎಲ್ಲವೂ ಬಂಗಾರ. ಜೋಡಿಸಿದ ಕೂಡಲೇ ಒಂದಕ್ಕೊಂದು ಮಾತು ಬಿಡುತ್ತವೆ. ಅವನ್ನು ಜೋಡಿಸಿ ನೋಡುವ ಟೆಸ್ಟಿಂಗ್ ಟೂಲ್ ನನ್ನ ಸುಪರ್ದಿಯಲ್ಲಿದೆ. ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದ್ದರೆ ಕೆಂಪು.

ಬಣ್ಣ

ಕಾಗವಾಡ ಕಡೆಯ ಒಂದು ಕಾರ್ಖಾನೆಯವರು ತಮ್ಮ ಸಾಫ್ಟ್‌ವೇರ್ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದರು. ಆಗಷ್ಟೇ ಕಾಟಾದ ಭಾಗವನ್ನು ಉಳಿದವುಗಳಿಗೆ ಜೋಡಿಸಿದ್ದೆ, ಪರದೆ ಕೆಂಪಗಿತ್ತು. ನಿಪ್ಪಾಣಿಯವರಾದ ನಮ್ಮ ಮಾಲಕರು ಬಂದವರನ್ನು ಚಹಾಕ್ಕೆ ಕಳಿಸಿ ನನ್ನ ಹತ್ತಿರ ಬಂದರು. ತಪ್ಪು ಏನೆಂದು ಕೇಳಲಿಲ್ಲ, ಬಣ್ಣ ಬದಲಿಸು ಅಂದರು. ಬಣ್ಣ ಬದಲಿಸಿದರೆ ತಪ್ಪು ಹೋಗುವುದಿಲ್ಲ ಎಂದು ನಾನು ಹಟ ಹಿಡಿದೆ. ಅವರು ಮರಾಠಿ ಬೆರೆಸಿ ರಾಜಿಗೆ ಬಂದರು.

"ಬರಂ, ಹಸಿರ ಆಗಂಗಿಲ್ಲಂದ್ರ ಬಿಡು. ಅರಿಷಿಣರೆ ಮಾಡವಾ, ಶುಭ ಇರತೈತಿ."

ದುರಸ್ತಿ

ಕಾಟಾದ ಭಾಗ ಬರೆದವನು ಅಥಣಿಯ ಸಹೋದ್ಯೋಗಿ. ಅವನ ಬೆನ್ನು ಹತ್ತಿ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಒಂದು ಮುಂಜಾನೆ ಬಂದು ನೋಡಿದರೆ ಪರದೆಯೆಲ್ಲ ಹಸಿರು. ಖುಷಿಗೆ ನನ್ನ ಡಬ್ಬಿಯ ಶೇಂಗಾ ಹೋಳಿಗೆಯನ್ನೇ ಅವನಿಗೆ ಕೊಟ್ಟೆ. ಅವನು ತಿಂದು ಕೈ ಒರೆಸಿಕೊಂಡ ಮೇಲೆ, ಹೇಗೆ ಸರಿಮಾಡಿದೆ ಅಂತ ಕೇಳಿದೆ.

"ಕೆಂಪ ಬರೂ ಆ ಟೆಸ್ಟನ್ನ ತಗದ ಒಗದ್ನಿರಿ ಅಕ್ಕಾರ. ದಿನಾ ತ್ರಾಸ ಕೊಡಾಕತ್ತಿತ್ತು."

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಕೇಳಿದ್ದೆ, ಕೊಯ್ದ ಮೇಲೆ ಹೋಳಿಗೆ ತಿಂದವನನ್ನು ಅವತ್ತೇ ಕಂಡದ್ದು.

ಅತ್ತೆ

ಮಾಲಕರಿಗೆ ದೂರು ಒಯ್ದೆ. ತೂಕ ತಪ್ಪಿದರೆ ವರ್ಷವಿಡೀ ಕಬ್ಬು ಬೆಳೆದವರಿಗೆ ಏನು ಉತ್ತರ ಕೊಡುತ್ತೀರಿ ಅಂದೆ. ಕಾರ್ಖಾನೆಯಲ್ಲಿ ಹಂಗಾಮು ಶುರುಮಾಡುವ ಬಾಯ್ಲರ್ ಪೂಜೆಗೆ ಮುಹೂರ್ತ ಗೊತ್ತಾಗಿದೆ, ಈಗ ಅಪಶಕುನ ನುಡಿಯಬೇಡ ಅಂದರು. ಸಂಜೆ ಪಾಲಬಾವಿಯ ಮನೆಗೆ ಮರಳಿ ಅತ್ತೆಯ ಮುಂದೆ ಎಲ್ಲವನ್ನೂ ತೋಡಿಕೊಂಡೆ. ದಿನವಿಡೀ ಮಂದಿಯ ತಪ್ಪು ಹುಡುಕುವುದೇ ನನ್ನ ಕೆಲಸವೆಂದು ಅವರಿಗೆ ಅಂದೇ ತಿಳಿದದ್ದು.

"ಅದಕ್ಕ ಪಗಾರ ಕೊಡ್ತಾರ? ನಮ್ಮ ಓಣ್ಯಾಗ ಪುಕ್ಕಟನ ಮಾಡತಾರಲ್ಲವಾ."

ಕಾಟಾ

ನಮ್ಮ ಆಫೀಸಿನಲ್ಲಿ ನಿಜವಾದ ಕಾಟಾ ಎಲ್ಲಿಂದ ಬರಬೇಕು? ಪರೀಕ್ಷೆಗೆಂದು ಕಂಪ್ಯೂಟರಿನೊಳಗೆ ಒಂದು ಸುಳ್ಳು ಕಾಟಾ ಬರೆದಿಟ್ಟಿದ್ದೆವು. ಅದರ ಮೇಲೆ ಏನಿಟ್ಟರೂ ಇಪ್ಪತ್ತು ಟನ್ ಅನ್ನುತ್ತದೆ. ಅದನ್ನು ತೆಗೆದು ನಿಜವಾದ ಕಾಟಾಕ್ಕೆ ಜೋಡಿಸಿಲ್ಲವೆಂದೇ ಆ ಕೆಂಪು ಬಣ್ಣ ಬಾಯಿ ಬಡಿದುಕೊಳ್ಳುತ್ತಿದ್ದದ್ದು.

ಸಾಫ್ಟ್‌ವೇರ್ ಆ ಸುಳ್ಳು ಕಾಟಾ ಸಮೇತ ಕಾರ್ಖಾನೆಗೆ ಹೋಯಿತು, ಪೂಜೆಗೆ ನಾವೂ ಹೋದೆವು. ಪೂಜೆ ಮುಗಿದು ಕಬ್ಬು ಬರತೊಡಗಿತು. ಮೊದಲು ಎರಡು ಟ್ರೇಲರ್ ಹೇರಿಕೊಂಡ ಟ್ರ್ಯಾಕ್ಟರ್: ಇಪ್ಪತ್ತು ಟನ್. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಹಿಂದೆ ಒಂದು ಎತ್ತಿನ ಗಾಡಿ: ಇಪ್ಪತ್ತು ಟನ್. ಗಾಬರಿಯಾದ ಮಾಲಕರು ಗಾಡಿಯನ್ನು ಇಳಿಸಿ, ಏನಾಗಿದೆಯೆಂದು ನೋಡಲು ಹೂಮಾಲೆ ಸಮೇತ ತಾವೇ ಕಾಟಾದ ಮೇಲೆ ಹತ್ತಿದರು. ಅವರೂ ಇಪ್ಪತ್ತು ಟನ್ ತೂಗಿದರು.

ಟ್ರ್ಯಾಕ್ಟರಿನವನು ತನಗೂ ಗಾಡಿಗೂ ಒಂದೇ ತೂಕವೇ ಎಂದು ಜಗಳಕ್ಕೆ ನಿಂತ. ಮಾಲಕರು ನನ್ನ ಕಡೆ ತಿರುಗಿದರು.

"ಟೆಸ್ಟಿಂಗ್ ಮಾಡಾಕಂತ ನಿನ್ನ ಇಟ್ಟೀವಿ. ಮೊದಲ ಹೇಳಾಕ ಏನಾಗಿತ್ತು?"

ಉತ್ತರ ಕೊಟ್ಟರೆ ಅವತ್ತೇ ನೌಕರಿ ಹೋಗುತ್ತಿತ್ತು. ಸಾಫ್ಟ್‌ವೇರ್ ಬಂದ್ ಮಾಡಲು ಕೈ ಚಾಚಿದೆ. ಇಷ್ಟು ದಿನದ ನೌಕರಿಯಲ್ಲಿ ನಾವು ಮಾಡಿದ ಸಾಫ್ಟ್‌ವೇರಿಗೆ ಒಬ್ಬರ ಬಾಯಲ್ಲೂ ಒಳ್ಳೆಯ ಮಾತು ಕೇಳಿರಲಿಲ್ಲ. ಅಷ್ಟರಲ್ಲಿ ಎತ್ತಿನ ಗಾಡಿಯ ರೈತ ಟವೆಲ್ಲು ಸರಿಮಾಡಿಕೊಂಡು, ಕೈಮುಗಿದು ಅಡ್ಡ ಬಂದ.

"ಅಕ್ಕಾರ, ಎಷ್ಟೋ ಕಾಟಾ ನೋಡೇನ್ರಿ. ರೈತನ ಕಷ್ಟ ತಿಳದದ್ದು ಇದೊಂದಕ್ಕ ನೋಡ್ರಿ. ಇದಕ್ಕ ಕೈ ಹಚ್ಚಬ್ಯಾಡ್ರಿ."