ಕಪ್ಪೆರಾಯನ ಕೊನೆಯ ಹಾಳೆ

ತೊಂದರೆಗೆಲ್ಲ ಮೂಲ ಒಂದು ಮೊಳ ಕೆಂಪು ಬಟ್ಟೆ. ಚಿಕ್ಕತಿಮ್ಮಪ್ಪನ ಮೊಮ್ಮಗಳು ಸ್ವಾತಿ, ತಾತ ಓದಿ ಹೇಳುವ ಕತೆಪುಸ್ತಕಕ್ಕೂ ಪೂಜೆ ಸಲ್ಲಲೆಂದು, ಪುರಾಣದ ಗಂಟಿನ ಪಕ್ಕದಲ್ಲೇ ಅಂಥದೇ ಗಂಟು ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಚಿಕ್ಕತಿಮ್ಮಪ್ಪ ಅವಸರದಲ್ಲಿ ಪುರಾಣವೆಂದು ಅದನ್ನೇ ಕಂಕುಳಲ್ಲಿ ಇರುಕಿಕೊಂಡು ಹೊರಟ.

ಹೊಸದುರ್ಗ ಸೀಮೆಯ ಆ ಊರಿನಲ್ಲಿ ಜೀವ ಹೋಗುವಾಗ ಕಿವಿಗೆ ಒಂದು ಅಧ್ಯಾಯ ಪುರಾಣ ಬೀಳಲೇಬೇಕು. ಓದಲು ಕೂತವನು ಅಧ್ಯಾಯ ಮುಗಿಯುವ ತನಕ ಏಳುವಂತಿಲ್ಲ. ಎದ್ದರೆ ಹೊರಟ ಜೀವ ನಡುದಾರಿಯಲ್ಲಿ ನಿಲ್ಲುತ್ತದೆ. ಕೆಂಚಣ್ಣ ಗಂಜಿ ಬಿಟ್ಟು ಮೂರು ದಿನವಾಗಿತ್ತು. ಇಬ್ಬರೂ ಒಂದೇ ಸ್ಲೇಟಿನಲ್ಲಿ ಅಕ್ಷರ ತಿದ್ದಿದವರು. ಗೆಳೆಯನನ್ನು ದಡ ಮುಟ್ಟಿಸುವ ಕೆಲಸ ಚಿಕ್ಕತಿಮ್ಮಪ್ಪನ ಪಾಲಿಗೆ ಬಂದಿತ್ತು.

"ಕುಂತ್ಕಳ್ರಿ ಮಾವ," ಎಂದಳು ಕೆಂಚಣ್ಣನ ಸೊಸೆ ಗಂಗಕ್ಕ. ಮುದುಕನಿಗೆ ಹೊದಿಸಲು ಹೊಸ ಪಂಚೆ ಹುಡುಕುತ್ತ ಅವನ ಟ್ರಂಕನ್ನು ಆಗಲೇ ಬರಿದು ಮಾಡಿದ್ದಳು. ತಳದಲ್ಲಿದ್ದ ಹಳೆಯ ಕಾಗದವನ್ನೇ ಮುದುರಿ ಕೆಂಡ ಹತ್ತಿಸಿ, ಧೂಪ ಹಾಕಿದಳು.

ಚಿಕ್ಕತಿಮ್ಮಪ್ಪ ಕೈಮುಗಿದು ಗಂಟು ಬಿಚ್ಚಿದ. ಒಳಗಿನ ಪುಸ್ತಕದ ರಟ್ಟಿನ ಮೇಲೆ ರುಮಾಲು ಸುತ್ತಿದ ಕಪ್ಪೆರಾಯ ಹಲ್ಲು ಕಿರಿದ.

ಪುರಾಣವಲ್ಲ, ಮನೆಯ ಕತೆಪುಸ್ತಕ. ಇದೇ ಪುಸ್ತಕ! ಮೂರನೇ ಕ್ಲಾಸಿನಲ್ಲಿ ಇದರ ಕೊನೆಯ ಹಾಳೆ ಮಾಯವಾದಾಗ ಮೇಷ್ಟ್ರು ಹುಣಸೆ ಬರಲಿನಿಂದ ಬಾರಿಸಿ, "ಹರಿದೋನೇ ಇಟ್ಕ" ಎಂದು ಇವನ ಮೇಲೆ ಎಸೆದಿದ್ದರು. ಹರಿದವನು ಇವನಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ನೂರು ಸಲ ಓದಿದರೂ ಕತೆ ಹೇಗೆ ಮುಗಿಯಿತೆಂದು ಇವನಿಗೆ ಇವತ್ತಿಗೂ ಗೊತ್ತಿಲ್ಲ.

ಏಳುವಂತಿಲ್ಲ. ಪುರಾಣದಲ್ಲಿ ಬಾಯಿಪಾಠವಿದ್ದ ಎರಡೇ ಪದ್ಯ ಹೇಳಿ ಮುಗಿದವು. ದೇವರ ಮೇಲೆ ಭಾರ ಹಾಕಿ ಪುರಾಣದ ರಾಗದಲ್ಲೇ ಎಳೆದ:

"ಕಪ್ಪೆರಾಯನು ಮೀನು ಹೊತ್ತ ಪಲ್ಲಕ್ಕಿಯನೇರಿ, ಬೆಟ್ಟಗಳ ಮೇಯಿಸಲು ಹೊರಟನು. ಸಂಜೆ ಎಣಿಸಲಾಗಿ ಒಂದು ಬೆಟ್ಟ ಕಡಿಮೆ!"

ಪಕ್ಕದ ಮನೆ ಎತ್ತಪ್ಪ ಗಂಟಲು ಸರಿಮಾಡಿಕೊಂಡ. "ಕಪ್ಪೆ ಅಂದ್ರೆ ಜೀವಾತ್ಮ ಕಣ್ರಪ್ಪ. ಬೆಟ್ಟ ಅಂದ್ರೆ ಅಹಂಕಾರ."

"ಮೀನು?" ಎಂದಳು ಕೇಳಲು ಕೂತಿದ್ದ ನಾಗಕ್ಕ.

"ಮುಂದೆ ಬತ್ತೈತೆ, ಸುಮ್ಕಿರವ್ವ."

ಆಗ ಕೆಂಚಣ್ಣ ಕಣ್ಣು ಬಿಟ್ಟ. ಹೊಲದ ಬದುವಿನಂತೆ ಬಿರಿದ ತುಟಿ ಅಲ್ಲಾಡಿತು. "ಮುಂದೆ?"

"ಅಪ್ಪ ಮಾತಾಡ್ತು!" ರಜೆ ಹಾಕಿ ಹಿರಿಯೂರಿನಿಂದ ಬಂದಿದ್ದ ಮಗ ಹನುಮಂತರಾಜು ಗಾಬರಿಯಾದ. ಗುಂಡಿ ತೋಡಲು ಹೋದವರಿಗೆ ಫೋನು ಮಾಡಿದ: "ಲೇ, ಅರ್ಧಕ್ಕೆ ನಿಲ್ಸ್ರಿ!"

ಕೊನೆಗೆ ಬಾಯಿಗೆ ಬಿಡಲೆಂದು ಹಾಲುರಾಮೇಶ್ವರ ಕ್ಷೇತ್ರದಿಂದ ತಂದಿದ್ದ ಗಂಗೆಯನ್ನು ಕೆಂಚಣ್ಣ ಒಂದು ಲೋಟ ಕುಡಿದ. ಎತ್ತಪ್ಪ ಪುಸ್ತಕಕ್ಕೆ ಅಡ್ಡಬಿದ್ದ. ಚಿಕ್ಕತಿಮ್ಮಪ್ಪ ಮಾತ್ರ ಬಲಿಯ ಕುರಿಯ ಹಾಗೆ ಬೆವರುತ್ತ ಓದಿದ. ಕಳೆದ ಬೆಟ್ಟವನ್ನು ಹುಡುಕುತ್ತ ಕಪ್ಪೆರಾಯ ಬಾವಿಗಿಳಿದ. ತಳದಲ್ಲೊಂದು ಬಾಗಿಲು. ಬಾಗಿಲು ತೆರೆದ. ಒಳಗೆ...

ಅಲ್ಲಿಗೆ ಪುಸ್ತಕ ಮುಗಿದಿತ್ತು.

"ಒಳಗೆ ಕೈಲಾಸವಿತ್ತು," ಎಂದ ಚಿಕ್ಕತಿಮ್ಮಪ್ಪ, ಶಿವನ ಕ್ಷಮೆ ಕೇಳುತ್ತ.

"ಅಲ್ಲ ಕಣಲೇ ತಿಮ್ಮ." ಕೆಂಚಣ್ಣ ಬೆರಳಾಡಿಸಿ ಹತ್ತಿರ ಕರೆದ. ಚಿಕ್ಕತಿಮ್ಮಪ್ಪ ಕೂತಲ್ಲೇ ಬಾಗಿ ಕಿವಿಯಿಟ್ಟ. "ಹಾಳೆ ಹರಿದೋನು ನಾನೇ. ಹೊಡ್ತ ನಿಂಗೆ ಬಿತ್ತು. ಹೇಳಾಕೆ ಬಾಯೇ ಬರ್ಲಿಲ್ಲ. ವರ್ಷಕ್ಕೊಂದ್ಸಲ ತೆಗೆದು ಓದಿ ನಗ್ತಿದ್ದೆ."

"ಒಳಗೆ ಏನಿತ್ತೋ, ಅದನ್ನ ಹೇಳೋ ಮಾರಾಯ!"

"ಒಳಗಾ..." ಕೆಂಚಣ್ಣನಿಗೆ ನಗು ಬಂತು. ಮೂರನೇ ಕ್ಲಾಸಿನ ನಗು. ನಗುತ್ತ ಕೆಮ್ಮಿದ, ಕೆಮ್ಮುತ್ತ ನಕ್ಕ. "ನನ್ ಟ್ರಂಕಿನ ತಳದಾಗೆ ಐತೆ, ನೀನೇ ಓದ್ಕ," ಎಂದ. ನಗು ಮುಖದಲ್ಲೇ ಉಳಿಯಿತು. ಉಸಿರು ಉಳಿಯಲಿಲ್ಲ.

ಅಳು ಎದ್ದಿತು. "ನಕ್ಕೊಂತ ಹೋದ, ಪುಣ್ಯವಂತ!" ಎಂದ ಎತ್ತಪ್ಪ.

"ಗಂಗಕ್ಕ," ಚಿಕ್ಕತಿಮ್ಮಪ್ಪ ಅವಳತ್ತ ತಿರುಗಿದ, "ಟ್ರಂಕಿನ ತಳದಾಗೆ ಒಂದು ಹಾಳೆ..."

ಗಂಗಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಅದಾ ಮಾವ? ಕಪ್ಪೆ ಚಿತ್ರದ್ದು? ಅದ್ರಿಂದ್ಲೇ ಅಲ್ಲೇನ್ರಿ ಧೂಪದ ಕೆಂಡ ಹತ್ತಿಸಿದ್ದು."

ಅವನು ಧೂಪಾರತಿಯ ಕಡೆ ನೋಡಿದ. ಚಿಟಿಕೆ ಬೂದಿಯಿತ್ತು. ಹನುಮಂತರಾಜು ಮತ್ತೆ ಫೋನು ಹಿಡಿದು, "ಉಳಿದರ್ಧ ತೋಡ್ರಿ" ಎನ್ನುತ್ತಿದ್ದ.

"ಏಳ್ರಿ ತಿಮ್ಮಪ್ಪಾರೆ, ಹೆಣ ಹೊರಗೆ ತರಬೇಕು," ಎತ್ತಪ್ಪ ರಟ್ಟೆ ಹಿಡಿದ. "ಅಧ್ಯಾಯ ಮುಗೀತಲ್ಲ?"

ಸುಳ್ಳು ಹೇಳಿ ಎದ್ದರೆ ನಡುದಾರಿಯಲ್ಲಿ ನಿಲ್ಲುವುದು ಗೆಳೆಯನ ಜೀವ. ಚಿಕ್ಕತಿಮ್ಮಪ್ಪ ತೆರೆದ ಪುಸ್ತಕದ ಮುಂದೆ ಕೂತೇ ಇದ್ದ.