ವಿದೇಶಿ ಆಟಗಾರನ ಅರ್ಧ ಅಂಕ

ಶ್ರೀಲಂಕಾಕ್ಕೆ ಹೋಗಿ ಚೆಸ್ ಆಡಿ ಬರುವುದು, ಬಾಗಲೂರಿನಿಂದ ಹೊಸೂರಿಗೆ ಹೋಗಿ ಬಂದಷ್ಟೇ ಸಲೀಸು ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣಗಳಿದ್ದವು. ಈಗ ಅವು ನೆನಪಿಗೆ ಬರುತ್ತಿಲ್ಲ. ಈ ಕತೆಯನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಕತೆಯೊಳಗಿನ ನಾನು ಇನ್ನಷ್ಟು ಬುದ್ಧಿವಂತನಾಗಿದ್ದೇನೆ. ಇಲ್ಲಿ ಮಾತ್ರ ಆದಷ್ಟೂ ನಡೆದದ್ದನ್ನೇ ಬರೆಯುತ್ತೇನೆ. ಏಕೆಂದರೆ ಇದನ್ನು ನಾಗರಾಜ ಓದುತ್ತಾನೆ.

ನಾಗರಾಜ ನನ್ನ ಹೆಂಡತಿ ಜಯಮ್ಮನ ತಮ್ಮ. ಕೆಲಮಂಗಲದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದಾನೆ. ಅವನಿಗೆ ಚೆಸ್ ಹೇಳಿಕೊಟ್ಟವನು ನಾನು. ಹೀಗಿರುವಾಗ, ಕೃಷ್ಣಗಿರಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಟೂರ್ನಿಗೆ, ಅಲ್ಲಿ ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಹೋದವನು, ಅಂತಾರಾಷ್ಟ್ರೀಯ ರೇಟಿಂಗ್ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡೇ ಬಂದ. ಅಂದಿನಿಂದ ಮಾವನ ಮನೆಯಲ್ಲಿ ಹಬ್ಬಕ್ಕೆ ಕೂತಾಗ ಯಾರಾದರೂ ಚೆಸ್ ಮಾತೆತ್ತಿದರೆ ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಗುರುವಿನ ಕಡೆ ಹೋಳಿಗೆ ಮಾತ್ರ ಬರುತ್ತಿತ್ತು.

ರೇಟಿಂಗ್ ಇರುವವರ ಎದುರು ಐದು ಆಟ ಆಡಿ ಅರ್ಧ ಅಂಕ ಪಡೆದರೂ, ಅಂದರೆ ಒಂದೇ ಒಂದು ಆಟ ಸಮವಾದರೂ, ಹೆಸರು ಪಟ್ಟಿಗೆ ಸೇರುತ್ತದೆ. ಆ ಅರ್ಧ ಅಂಕ ಹೊಸೂರು, ಧರ್ಮಪುರಿ, ಸೇಲಂ ಎಲ್ಲೂ ನನಗೆ ದಕ್ಕಿರಲಿಲ್ಲ. ತಮಿಳುನಾಡಿನ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ನನ್ನಂಥವರನ್ನು ಬೀಳಿಸುತ್ತಾರೆ. ಆ ಮಕ್ಕಳಿಲ್ಲದ ಕಡೆ ಹೋಗಿ ಆಡುವುದೇ ಸರಿ ಎಂದು ತೀರ್ಮಾನಿಸಿದೆ.

ಶ್ರೀಲಂಕಾದ ಟೂರ್ನಿಯೊಂದರ ಸಂಘಟಕರ ನಿಯಮಗಳನ್ನು ಜಯಮ್ಮನಿಗೆ ಓದಿ ಹೇಳಿದೆ. ಗ್ರಾಂಡ್‌ಮಾಸ್ಟರಿಗೆ ಪ್ರವೇಶ, ರೂಮು, ಊಟ ಎಲ್ಲ ಬಿಟ್ಟಿ. ಆ ದೇಶದವರಿಗೆ ಶುಲ್ಕ ಕಡಿಮೆ. ವಿದೇಶಿಗೆ ಜಾಸ್ತಿ. ರೇಟಿಂಗ್ ಇಲ್ಲದ ವಿದೇಶಿಗೆ ಎಲ್ಲರಿಗಿಂತ ಜಾಸ್ತಿ.

"ಅಲ್ಲ, ಆಟ ಬರ್ದಿರೋವ್ರೇ ಹೆಚ್ಗೆ ಕೊಡ್ಬೇಕಾ?"

"ಹಂಗಲ್ಲ ಕಣೆ. ಅದು ವಿದೇಶಿ ಆಟಗಾರರ ದರ."

"ನೀವ್ಯಾವಾಗ ವಿದೇಶಿ ಆದ್ರಿ? ಅತ್ತಿಬೆಲೆ ದಾಟಿದ್ರೆ ತಲೆನೋವು ಬತ್ತದೆ ಅಂತೀರ."

ವಿದೇಶಿ ಆಟಗಾರ ಸಂಘಟಕರು ಹೇಳಿದ ಹೋಟೆಲಿನಲ್ಲೇ ತಂಗಬೇಕು. ಅಗ್ಗದ ಲಾಡ್ಜು ಹುಡುಕಿಕೊಂಡರೆ ದಂಡ. ವಿಮಾನ ನಿಲ್ದಾಣದಿಂದ ಅವರದೇ ವ್ಯಾನು, ಅದಕ್ಕೆ ಬೇರೆ ದುಡ್ಡು. ಡಾಲರಿನಲ್ಲಿ ಕಳಿಸಬೇಕು, ಕಳಿಸಿದ್ದಕ್ಕೆ ಬ್ಯಾಂಕಿಗೂ ಕೊಡಬೇಕು. ನಮ್ಮದು ಗುಲಾಬಿ ತೋಟ, ಜಯಮ್ಮನ ಲೆಕ್ಕವೆಲ್ಲ ಹೂವಿನ ಕಟ್ಟುಗಳಲ್ಲಿ. ಅವಳು ಕಣ್ಣು ಮುಚ್ಚಿ ಲೆಕ್ಕ ಹಾಕಿ, "ಪ್ರೇಮಿಗಳ ದಿನಕ್ಕೆ ಕಿತ್ತಿದ್ದೆಲ್ಲಾ ಹೋಯ್ತು ಅಂದ್ಕಳಿ" ಎಂದಳು. ಹೀಗೆ ದೇಶದ ನಾನಾ ಕಡೆಯ ಪ್ರೇಮಿಗಳ ಒಲವು ಒಟ್ಟುಗೂಡಿ ನನ್ನ ಪ್ರವೇಶ ಶುಲ್ಕವಾಯಿತು.

ರೂಮನ್ನು ಇಬ್ಬರು ಹಂಚಿಕೊಂಡರೆ ಅಗ್ಗ. ಆದ್ದರಿಂದ ಜಯಮ್ಮ ತಮ್ಮನನ್ನು ನನ್ನ ಜೊತೆ ಹೊರಡಿಸಿದಳು. ಆಡದೆ ಸುಮ್ಮನೆ ಜೊತೆಗೆ ಬರುವವರಿಗೂ ಶುಲ್ಕವಿತ್ತು, ಆಡುವವರ ಶುಲ್ಕಕ್ಕಿಂತ ಚೂರೇ ಚೂರು ಕಡಿಮೆ.

"ಇಷ್ಟು ಕೊಟ್ಟು ಸುಮ್ನೆ ಯಾಕ್ ಕುಂತ್ಕಳ್ಳದು ಬಾವ? ನಾನೂ ಆಡ್ಬುಡ್ತೀನಿ" ಎಂದ ನಾಗರಾಜ.

ಮೊದಲ ಸುತ್ತಿನಲ್ಲಿ ನನ್ನೆದುರು ಎರಡು ಜಡೆಯ ಹುಡುಗಿಯೊಬ್ಬಳು ಬಂದು ಕೂತಳು. ನನ್ನ ಕತ್ತಿನ ಚೀಟಿ ನೋಡಿ ತಮಿಳಿನಲ್ಲಿ ಕೇಳಿದಳು: "ಅಂಕಲ್, ಹೊಸೂರಾ? ನಾವು ಸೇಲಂ." ನನಗೆ ಹೊಳೆದ ಉಪಾಯ ತಮಿಳುನಾಡಿನ ಅಷ್ಟೂ ಅಪ್ಪ ಅಮ್ಮಂದಿರಿಗೆ ಹೊಳೆದಿತ್ತು. ವಿದೇಶಿ ಆಟಗಾರರೆಂದರೆ ಮುಕ್ಕಾಲು ಪಾಲು ಅವರ ಮಕ್ಕಳೇ. ಸೇಲಂ ನನ್ನನ್ನು ಊಟದ ಹೊತ್ತಿಗೆ ಮುಗಿಸಿತು. ಮಾರನೆಯ ದಿನ ಈರೋಡು ಮುಗಿಸಿತು. ಸೇಲಂನಲ್ಲಿ ಬಸ್ ಚಾರ್ಜಿಗೆ ಸೋಲಬಹುದಾಗಿದ್ದವರ ಕೈಲಿ ಡಾಲರ್ ಕೊಟ್ಟು ಸೋತೆ. ಒಂದು ದಿನ ಆಟಗಾರರ ಸಂಖ್ಯೆ ಬೆಸವಾಗಿ ನನಗೆ ಎದುರಾಳಿಯೇ ಸಿಗಲಿಲ್ಲ, ಪೂರ್ತಿ ಒಂದು ಅಂಕ ಕೊಟ್ಟರು. ಖಾಲಿ ಕುರ್ಚಿಯ ಮೇಲೆ ಪಡೆದ ಗೆಲುವು ರೇಟಿಂಗಿಗೆ ಲೆಕ್ಕವಿಲ್ಲವಂತೆ.

ಆ ಅರ್ಧ ಅಂಕಕ್ಕೆ ಕೊನೆಯ ಸುತ್ತೊಂದೇ ಉಳಿಯಿತು. ಮಧ್ಯಾಹ್ನ ಊಟದ ಹಾಲಿನ ಗೋಡೆಗೆ ಜೋಡಿಗಳ ಪಟ್ಟಿ ಅಂಟಿಸಿದರು. ನನ್ನ ಹೆಸರಿನ ಎದುರು ನಾಗರಾಜನ ಹೆಸರಿತ್ತು.

ಸಮುದ್ರ ದಾಟಿ ಬಂದು ಬಾಮೈದನ ಜೊತೆ ಆಡುವುದು! ತಟ್ಟೆ ಹಿಡಿದುಕೊಂಡೇ ರೂಮಿಗೆ ಹೋದೆವು.

"ಬಾವ, ಸಮ ಮಾಡ್ಕಂಬುಡಾನ. ನಿಂಗೆ ಹೆಸರು ಬತ್ತದೆ, ಅಕ್ಕನ ಬಾಯೂ ಮುಚ್ತದೆ."

"ಏನಂದ್ಕಂಡಿದೀಯಲಾ? ಆಟ ಅಂದ್ರೆ ಆಟ. ಗೊತ್ತಾದ್ರೆ ಇಬ್ರನ್ನೂ ಎಬ್ಬಿಸಿ ಕಳಿಸ್ತಾರೆ."

"ಯಾರ್ಗೆ ಗೊತ್ತಾಯ್ತದೆ? ತಮಿಳು ಬುಟ್ಟು ಕನ್ನಡದಾಗೇ ಮಾತಾಡಾನ."

ಇಲ್ಲಿ ನನ್ನ ನೆನಪು ಎರಡು ದಾರಿ ಹಿಡಿಯುತ್ತದೆ. ನಾನು "ನೋಡಾನ" ಎಂದಷ್ಟೇ ಹೇಳಿ ಮುಖ ತೊಳೆಯಲು ಹೋದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಅವನ ಎರಡೂ ಕೈ ಹಿಡಿದುಕೊಂಡೆ ಎಂದು ಅವನಿಗೆ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಡೆದಿರಬಹುದು. ಮುಖವಂತೂ ಒದ್ದೆಯಾಗಿತ್ತು.

ಆಟ ಶುರುವಾಯಿತು. ಗಡಿಯಾರ ನನ್ನ ಕಡೆ ಓಡುವಾಗ ಮಾತ್ರ ಬೇಗ ಓಡುತ್ತಿತ್ತು. ತೀರ್ಪುಗಾರ್ತಿ, ನೀಲಿ ಸೀರೆಯ ಹೆಂಗಸು, ಅಷ್ಟು ದಿನವೂ ನಮ್ಮೊಂದಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿರಲಿಲ್ಲ. ಆಕೆ ಸಾಲುಗಳ ನಡುವೆ ಸದ್ದಿಲ್ಲದೆ ನಡೆಯುತ್ತಿದ್ದಳು. ನಾಗರಾಜ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮರೆತನೇ? ಇಲ್ಲ, ಅಕ್ಕನ ಮುಂದೆ ನನ್ನನ್ನು ಸೋಲಿಸಿದೆ ಎಂದು ಹೇಳಿಕೊಳ್ಳುವ ಆಸೆ ಬಂತೇ? ಅವನ ಮುಖ ನೋಡಿದೆ. ಅವನು ಹಲಗೆಯನ್ನು ನೋಡುತ್ತಿದ್ದ. ಏನೂ ತೋಚದೆ ಕುದುರೆಯನ್ನು ಎತ್ತಿ ಖಾಲಿಯಿದ್ದ ಮನೆಯೊಂದರಲ್ಲಿ ಇಟ್ಟೆ.

ತಮಿಳುನಾಡಿನ ಗಡಿಯೊಳಗಿರುವ ನಮ್ಮ ಕಡೆಯವರ ಸಂಗತಿ ಒಂದಿದೆ. ನಾವು ಮನೆಯಲ್ಲಿ ಜಗಳವಾಡುವುದು ಕನ್ನಡದಲ್ಲಿ, ಸಂತೆಯಲ್ಲಿ ಚೌಕಾಸಿ ಮಾಡುವುದು ತೆಲುಗಿನಲ್ಲಿ. ಆದರೆ ಓದಿದ್ದು ತಮಿಳು ಶಾಲೆಯಲ್ಲಿ. ಮಗ್ಗಿ, ಪರೀಕ್ಷೆ, ಮೇಷ್ಟ್ರ ಎದುರಿನ ಭಯ ಎಲ್ಲ ತಮಿಳಿನದ್ದೇ. ಹೆದರಿಕೆಯಾದರೆ ಬಾಯಿಗೆ ಅದೇ ಬರುತ್ತದೆ.

ನಾಗರಾಜ ಮುಂದೆ ಬಾಗಿ ಪಿಸುಗುಟ್ಟಿದ: "ಬಾವ, ರೂಮ್ಲ ಪೇಸ್ನ ಮಾದಿರಿ ಸಮಮಾ ಮುಡಿಚ್ಚಿಕ್ಕಲಾಂ."

ರೂಮಿನಲ್ಲಿ ಮಾತಾಡಿಕೊಂಡಂತೆ ಸಮ ಮಾಡಿ ಮುಗಿಸೋಣ. ತಮಿಳು! ನಾನು ಅವನಿಗೆ ಸನ್ನೆ ಮಾಡಬೇಕಿತ್ತು. ಅದರ ಬದಲು ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, "ಸರಿಪ್ಪಾ" ಎಂದು ತಮಿಳಿನಲ್ಲೇ ಕೈ ಚಾಚಿದೆ.

ಕೈಗಳು ಸೇರಿದ ಜಾಗದಲ್ಲಿ ನೀಲಿ ಸೀರೆಯ ಸೆರಗು ಬಂದು ನಿಂತಿತು. ಆಕೆ ನಮ್ಮಿಬ್ಬರನ್ನೂ ನೋಡಿ, ನಾವು ಶಾಲೆಯ ಪುಸ್ತಕದಲ್ಲಷ್ಟೇ ಓದಿದ್ದಂಥ ಅಚ್ಚ ತಮಿಳಿನಲ್ಲಿ, ಬಹಳ ಮೃದುವಾಗಿ ಕೇಳಿದಳು: "ರೂಮಿನಲ್ಲಿ ಏನು ಮಾತಾಡಿಕೊಂಡಿರಿ?"

ನಾವು ತಕ್ಷಣ ಕನ್ನಡಕ್ಕೆ ಬಂದೆವು. ತಡವಾಗಿತ್ತು.

ಆಕೆ ಗಡಿಯಾರ ನಿಲ್ಲಿಸಿ, ಇಬ್ಬರಿಗೂ ಸೊನ್ನೆ ಎಂದು ಬರೆದು, ಸಹಿ ಹಾಕಿಸಿಕೊಂಡಳು. ಸೇಲಂ ಹುಡುಗಿ ಎದ್ದು ನಿಂತು ನೋಡುತ್ತಿದ್ದಳು. ಕಾಯಿಗಳನ್ನು ಡಬ್ಬಿಗೆ ತುಂಬುವ ಮುನ್ನ ತೀರ್ಪುಗಾರ್ತಿ ಹಲಗೆಯನ್ನು ಒಮ್ಮೆ ನೋಡಿ, ನನ್ನ ಆನೆಯನ್ನು ಬೆರಳಿನಿಂದ ತೋರಿಸಿದಳು. "ಇದನ್ನು ಕೊನೆಯ ಸಾಲಿಗೆ ಕಳಿಸಿದ್ದರೆ ಎರಡೇ ನಡೆಯಲ್ಲಿ ಅವರ ರಾಜ ಸಾಯುತ್ತಿದ್ದ. ನೀವು ಗೆದ್ದಿದ್ದಿರಿ."

ವಾಪಸು ಬರುವಾಗ, ದುಡ್ಡು ಕಟ್ಟಿದ್ದ ಆ ವ್ಯಾನಿನಲ್ಲಿ ನಾವಿಬ್ಬರೇ ಇದ್ದೆವು.

"ಆ ಆನೆ ನಡೆ ನಿಂಗೆ ಕಾಣಿಸಿತ್ತೇನ್ಲಾ?"

"ನೀನು ಕುದುರೆ ಮಡಗ್ತಿದ್ದಂಗೇ ಕಾಣಿಸ್ತು ಬಾವ. ಅದುಕ್ಕೇ ಅಲ್ವಾ ಗಾಬ್ರಿ ಆಗಿ ತಮಿಳು ಬಂದ್ಬುಡ್ತು."

"ಹಂಗಾರೆ ನಂಗೆ ಹೆಸರು ಬರ್ಲಿ ಅಂತ ಕೇಳಿದ್ದಲ್ಲ?"

"ರೂಮ್ನಾಗೆ ಅದುಕ್ಕೇ ಕೇಳಿದ್ದು. ಆಟದಾಗೆ ನನ್ ಮಾನ ಉಳಿಸ್ಕಳಕ್ಕೆ ಕೇಳ್ದೆ" ಎಂದು ಅವನು ಕಿಟಕಿಯ ಕಡೆ ತಿರುಗಿದ.

ಬಾಗಲೂರಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಜಯಮ್ಮ ಅಂಗಳದಲ್ಲಿ ಗುಲಾಬಿಯ ಮುಳ್ಳು ಸವರುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಕಡೇ ಆಟ ಗೆದ್ರಾ?"

"ಇಲ್ಲ."

"ಸೋತ್ರಾ?"

"ಅವನೂ ಗೆಲ್ಲಲಿಲ್ಲ ಕಣೆ."

"ಹಂಗಾರೆ ಸಮ."

"ಸಮವೂ ಅಲ್ಲ."

ಅವಳು ಕತ್ತರಿ ಕೆಳಗಿಟ್ಟಳು. ಚೆಸ್ ಆಟ ಮುಗಿಯುವುದು ಮೂರೇ ಬಗೆಯಲ್ಲಿ ಎಂದು ಮದುವೆಯಾದ ಹೊಸತರಲ್ಲಿ ಅವಳಿಗೆ ಹೇಳಿಕೊಟ್ಟವನು ನಾನೇ. ನಾಲ್ಕನೆಯ ಬಗೆಯನ್ನು ವಿದೇಶಕ್ಕೆ ಹೋಗಿ, ಎಲ್ಲರಿಗಿಂತ ಹೆಚ್ಚಿನ ಶುಲ್ಕ ಕಟ್ಟಿ, ಗೆದ್ದಿದ್ದ ಆಟದಲ್ಲಿ, ಸ್ವಂತ ಪರಿಶ್ರಮದಿಂದ ಕಂಡುಹಿಡಿದಿದ್ದೆ.