ದೊಡ್ಡಪ್ಪನ ಅನುಮೋದಕರು

ನನ್ನ ದೊಡ್ಡಪ್ಪನಿಗೆ ಹಸಿವಾದರೂ ಅದನ್ನು ಅನುಮೋದಿಸಲು ಒಬ್ಬರು ಬೇಕಿತ್ತು! ನಗಬೇಡಿ. ಅಂಥವರ ಮನೆಯಲ್ಲಿ ಆರು ವರ್ಷ ಉಂಡವಳು ನಾನು.

ಬೆಟಗೇರಿಯಿಂದ ನಾಗಪುರಕ್ಕೆ ರೈಲ್ವೆ ನೌಕರಿಗೆ ಬಂದ ಈ ಪುಣ್ಯಾತ್ಮರು ಎಂಬತ್ತರ ದಶಕದುದ್ದಕ್ಕೂ ಅಲ್ಲಿನ ಕನ್ನಡ ಕ್ರೈಸ್ತ ಸಭೆಯ ಕಾರ್ಯದರ್ಶಿ. ಸಭೆಯೆಂದರೆ ಏನು ಮಹಾ? ಹನ್ನೆರಡು ಮನೆ. ಮರಾಠಿ ಸಭೆಯವರು ಆರಾಧನೆ ಮುಗಿಸಿ ಬಿಟ್ಟುಕೊಟ್ಟ ಚರ್ಚಿನಲ್ಲಿ, ಭಾನುವಾರ ಮಟಮಟ ಮಧ್ಯಾಹ್ನ ನಮ್ಮ ಹಾಡು. ಇಷ್ಟಕ್ಕೆ ದಪ್ಪ ರಟ್ಟಿನ ಒಂದು ನಡಾವಳಿ ಪುಸ್ತಕ!

ಮನೆಯಲ್ಲೂ ಅದೇ ಚಾಳಿ. ದೊಡ್ಡಮ್ಮ ಕಡಲೆಹಿಟ್ಟಿನ ಡಬ್ಬಿ ಹಿಡಿದು, "ಇವತ್ತ ಝುಣಕಾ ಮಾಡ್ಲೇನ್ರೀ?" ಅಂದರೆ ಸಾಕು.

"ಸೂಚನೆ ಬಂದೈತಿ. ಅನುಮೋದಕರು ಯಾರು?" ಎಂದು ನನ್ನತ್ತ ತಿರುಗುವರು. ನಾನು ಕೈ ಎತ್ತಬೇಕು. ಒಮ್ಮೆ ಹಟಕ್ಕೆ ಎತ್ತಲಿಲ್ಲ. "ಠರಾವು ಬಿತ್ತು" ಎಂದುಬಿಟ್ಟರು. ಅಂದು ಮೂವರಿಗೂ ಮಜ್ಜಿಗೆ ಅನ್ನವೇ ಗತಿ.

ಶಾಲೆಯಲ್ಲಿ ನನಗೆ ಮರಾಠಿ, ಹಿಂದಿ. ಕನ್ನಡ ಕಲಿಸಿದವರು ದೊಡ್ಡಪ್ಪ, ಅದೂ ನಡಾವಳಿ ಪುಸ್ತಕದಿಂದ! ಊರಲ್ಲಿದ್ದ ಅವ್ವನಿಗೆ ನಾನು ಬರೆದ ಪತ್ರ ಕೇಳಿ: "ನಿನ್ನ ಹಿಂದಿನ ಪತ್ರವನ್ನು ಓದಿ ಅಂಗೀಕರಿಸಲಾಯಿತು. ಕ್ರಿಸ್‌ಮಸ್ಸಿಗೆ ಹೊಸ ಲಂಗದ ವಿಷಯ ಚರ್ಚೆಗೆ ಬಂತು." ಅವ್ವ ಲಂಗ ಕಳಿಸಿ, ಜೊತೆಗಿಟ್ಟ ಚೀಟಿಯಲ್ಲಿ "ಸರ್ವಾನುಮತ" ಎಂದು ಬರೆದಿದ್ದಳು.

ನಗುವ ವಿಷಯವಲ್ಲದ್ದು ಒಂದಿತ್ತು. ನಮ್ಮ ಭಾಗದ ಸಭೆಗಳೆಲ್ಲ ಸೇರಿದ ಪ್ರಾಂತೀಯ ಸಮ್ಮೇಳನದ ನಿಯಮ ಅದು. ತಿಂಗಳಿಗೊಮ್ಮೆ ಏಳು ಜನ ಸದಸ್ಯರಾದರೂ ಕೂಡಬೇಕು. ಸತತ ಮೂರು ತಿಂಗಳು ಕೋರಂ ತಪ್ಪಿದರೆ ಆ ಸಭೆಯನ್ನು ಪಕ್ಕದ ಸಭೆಯಲ್ಲಿ ಸೇರಿಸಿಬಿಡುವುದು. ಸೇರಿಸಿದರೆ ಕನ್ನಡದ ಆರಾಧನೆ ಮುಗಿಯಿತು! ನಮ್ಮವರೋ ಮಿಲಿಟರಿ, ರೈಲ್ವೆ ಮಂದಿ. ಇಂದು ಇದ್ದವರು ನಾಳೆ ವರ್ಗ. ಒಂದು ಬೇಸಿಗೆಯಲ್ಲಿ ಎರಡು ತಿಂಗಳು ಕೋರಂ ತಪ್ಪಿತು. ಮೂರನೆಯ ತಿಂಗಳ ಕೊನೆಯ ದಿನ, ಎಣಿಸಿದರೆ ಆರೇ ಜನ.

ಪಕ್ಕದ ಕಾಮಠಿಯ ದಂಡಿನಿಂದ ವರ್ಗವಾಗಿ ಹೋಗಿದ್ದ ಹವಾಲ್ದಾರರೊಬ್ಬರ ಹೆಸರು ಇನ್ನೂ ನಮ್ಮ ಪಟ್ಟಿಯಲ್ಲಿತ್ತು. ಅವರು ರಜೆಗೆ ಊರಿಗೆ ಹೋಗುವ ರೈಲು ಅಂದು ಮಧ್ಯಾಹ್ನ ನಾಗಪುರದಲ್ಲಿ ನಿಲ್ಲುತ್ತದೆಂದು ದೊಡ್ಡಪ್ಪನಿಗೆ ತಿಳಿಯಿತು. "ಜಲ್ದಿ ನಡೀರಿ!" ಎಂದು ಆರೂ ಜನರನ್ನು ಪ್ಲಾಟ್‌ಫಾರ್ಮಿಗೆ ಹೊರಡಿಸಿದರು. ಜೊತೆಗೆ ನಾನೂ ಓಡಿದೆ. ಪೂರಿ ತಿನ್ನುತ್ತಿದ್ದ ಹವಾಲ್ದಾರರ ಬೋಗಿಯ ಬಾಗಿಲಿನೆದುರು ಸಭೆ ಶುರುವಾಯಿತು. ನಮ್ಮ ಪಾದ್ರಿ ಅಯ್ಯನವರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ರೈಲು ಹೊರಟಿತು!

"ಅನುಮೋದಕರು ಯಾರ್ರೀ?" ಎಂದು ಕೂಗುತ್ತ ದೊಡ್ಡಪ್ಪ ಅದರ ಜೊತೆಗೇ ಓಡಿದರು. ಹವಾಲ್ದಾರರು ಪೂರಿ ಹಿಡಿದ ಕೈಯನ್ನೇ ಎತ್ತಿದರು.

"ಸಹಿ! ಸಹಿ ಹಾಕ್ರೀ!"

ಸಹಿಯೇನೋ ಬಿತ್ತು. ಪುಸ್ತಕ ಮಾತ್ರ ರೈಲಿನಲ್ಲೇ ಹೋಯಿತು! ಗಾರ್ಡೊಬ್ಬರು ಅದನ್ನು ಮೂರನೆಯ ದಿನ ಎಣ್ಣೆಯ ಕಲೆ ಸಮೇತ ತಂದುಕೊಟ್ಟರು. ಅಲ್ಲಿಯತನಕ ದೊಡ್ಡಪ್ಪ ಸರಿಯಾಗಿ ಉಣ್ಣಲಿಲ್ಲ.

ಆ ಎಣ್ಣೆ ಕಲೆಯೇ ಮುಳುವಾಯಿತು. ಆ ವರ್ಷದ ಸಮ್ಮೇಳನ ನಾಗಪುರದಲ್ಲೇ ನಡೆಯಿತು. ಪುಸ್ತಕ ತಪಾಸಣೆ ಮಾಡಿದವರು ಆ ಕಲೆಯ ಪುಟದಲ್ಲೇ ತಡೆದು ಕೇಳಿದರು: ಪ್ಲಾಟ್‌ಫಾರ್ಮಿನಲ್ಲಿ ನಿಂತದ್ದೂ ಒಂದು ಸಭೆಯೇ? ಹನ್ನೆರಡು ಮನೆಗೆ ಬೇರೆ ಸಭೆ ಯಾಕೆ ಬೇಕು? ಅಧ್ಯಕ್ಷರು ಉತ್ತರ ಕೊಡಲು ಹೇಳಿದರು. ದೊಡ್ಡಪ್ಪ ವಾದ ಮಾಡಲಿಲ್ಲ. ಪುಸ್ತಕದ ಮೊದಲ ಪುಟ ತೆಗೆದು ಕನ್ನಡದಲ್ಲಿ ಓದಿದರು:

"ನಮ್ಮ ಮಗುವನ್ನು ಮಣ್ಣಿಗಿಟ್ಟ ದಿನ ಮರಾಠಿ ಅಯ್ಯನವರು ಬಹಳ ಪ್ರೀತಿಯಿಂದ ಪ್ರಾರ್ಥಿಸಿದರು. ಮಗುವಿನ ತಾಯಿಗೆ ಒಂದು ಮಾತೂ ತಿಳಿಯಲಿಲ್ಲ. ಇನ್ನು ಈ ಊರಲ್ಲಿ ನಮ್ಮ ಯಾವ ತಾಯಿಗೂ ಹೀಗಾಗದಂತೆ ಕನ್ನಡ ಸಭೆಯೊಂದನ್ನು ಕಟ್ಟತಕ್ಕದ್ದೆಂದು ಠರಾವು."

ನೀರು ಕೊಡಲು ಬಂದು ಹಿಂದೆ ನಿಂತಿದ್ದ ನಾನೂ ಅದನ್ನು ಕೇಳಿಸಿಕೊಂಡೆ. ಅವರಿಗೊಂದು ಮಗುವಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಆ ಪುಸ್ತಕದಲ್ಲೇ ಅಕ್ಷರ ಕಲಿತಿದ್ದೆ, ಆದರೆ ಅವರು ನನಗೆ ಯಾವಾಗಲೂ ಎರಡನೆಯ ಪುಟದಿಂದಲೇ ಓದಿಸುತ್ತಿದ್ದರು.

ದೊಡ್ಡಪ್ಪ ಅದನ್ನೇ ಹಿಂದಿಯಲ್ಲಿ ಹೇಳಿದರು. ಅಧ್ಯಕ್ಷರು ಪುಟ ನೋಡಿ ಮೆಲ್ಲಗೆ ಕೇಳಿದರು, "ಸೂಚಕರು ನೀವು. ಅನುಮೋದಕರ ಜಾಗ ಖಾಲಿ ಇದೆಯಲ್ಲ?"

"ಅವತ್ತು ನಾನೊಬ್ಬನೇ ಇದ್ದೆ" ಎಂದರು ದೊಡ್ಡಪ್ಪ.

ಅಡುಗೆಯ ಪಾಳಿಗೆ ಬಂದಿದ್ದ ದೊಡ್ಡಮ್ಮ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಇಷ್ಟು ವರ್ಷ ಒಂದು ಸಭೆಯಲ್ಲೂ ಬಾಯಿ ಬಿಟ್ಟವರಲ್ಲ. ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿ, "ನಾ ಇಲ್ಲೇ ಅದೀನಲ್ರೀ. ಬರಕೋರಿ ನನ್ನ ಹೆಸರು" ಎಂದರು.

ದೊಡ್ಡಪ್ಪ ಪೆನ್ನು ತೆಗೆದು ಖಾಲಿ ಜಾಗ ತುಂಬಿದರು. ಸಭೆ ಉಳಿಯಲಿ ಎಂದು ಮೊದಲು ಕೈ ಎತ್ತಿದವರು ಮರಾಠಿ ಸಭೆಯ ಅಯ್ಯನವರು. ಆಮೇಲೆ ಎತ್ತದ ಕೈಯೇ ಇರಲಿಲ್ಲ.

ಸಂಜೆ ಮನೆಯಲ್ಲಿ ದೊಡ್ಡಮ್ಮ, "ಝುಣಕಾ ಮಾಡ್ಲೇನ್ರೀ?" ಎಂದರು. ನಾನು ಕೈ ಎತ್ತಲು ಸಿದ್ಧಳಾಗಿದ್ದೆ. ದೊಡ್ಡಪ್ಪ ನನ್ನತ್ತ ತಿರುಗಲೇ ಇಲ್ಲ. ಈಳಿಗೆ ಎಳೆದುಕೊಂಡು, ದೊಡ್ಡಮ್ಮನ ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚಲು ಕೂತರು.